ತೋಟದಲ್ಲಿ ಓಡಾಡುವ ಮಡಚು ಚಾಕು: ಅಲ್ಯೂಮಿನಿಯಂ ಹಿಡಿಗೆ ಯಾವ ಫಿನಿಶ್ ತಡೆಯುತ್ತೆ?

ತುಂಗೆದಡ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಮಡಚು ಚಾಕಿನ ಹಿಡಿಯದ್ದು, ಅಲಗಿನದ್ದಲ್ಲ.

ಹಿಡಿ 6061-ಟಿ6 (ಮಿಶ್ರಲೋಹದ ಒಂದು ಗ್ರೇಡ್) ಅಲ್ಯೂಮಿನಿಯಂ. 4 ಮಿ.ಮೀ. ಪಟ್ಟಿಯಿಂದ ಸಿಎನ್‌ಸಿಯಲ್ಲಿ ತೆಗೆದದ್ದು, ಒಂದು ಪಕ್ಕದ ಅಳತೆ ಸುಮಾರು 110 × 28 ಮಿ.ಮೀ. ಪಿವಟ್ (ಅಲಗು ತಿರುಗುವ ಕೀಲು) ತೂತು 5 ಮಿ.ಮೀ., ಉಳಿದ ಸ್ಕ್ರೂಗಳು ಎಂ2.5 (2.5 ಮಿ.ಮೀ. ವ್ಯಾಸದ) ಸ್ಟೇನ್‌ಲೆಸ್. ಅದರಲ್ಲಿ ಕ್ಲಿಪ್ಪಿನ ಎರಡು ತೂತು ಆರಪಾರ ಇಲ್ಲ, 3 ಮಿ.ಮೀ. ಆಳಕ್ಕೆ ನಿಲ್ಲುತ್ತವೆ. ಹೊರ ಅಂಚಿಗೆ 0.2 ಮಿ.ಮೀ. ಚಾಂಫರ್ (ಓರೆ ಕಡಿತ) ಅಷ್ಟೇ ಇದೆ. ಗ್ಲಾಸ್ ಬೀಡ್ (ಸಣ್ಣ ಗಾಜಿನ ಮಣಿ) ಹೊಡೆಸಿ, ಬೆಂಗಳೂರಿಗೆ ಜಾಬ್ ವರ್ಕಿಗೆ ಕಳಿಸಿ ಕಪ್ಪು ಅನೋಡೈಸಿಂಗ್ (ಆಸಿಡ್ಡಿನಲ್ಲಿ ಕರೆಂಟು ಹಾಯಿಸಿ ಆಕ್ಸೈಡ್ ಪದರ ಬೆಳೆಸೋದು) ಮಾಡಿಸಿದ್ದು. ಚಲನ್ನಿನಲ್ಲಿ "ಬ್ಲ್ಯಾಕ್ ಅನೋಡೈಸಿಂಗ್" ಎಂದಿದೆ. ಎಷ್ಟು ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ), ಯಾವ ಟೈಪ್ ಅನ್ನೋದು ಎಲ್ಲೂ ಇಲ್ಲ.

ಬಳಸೋರು ಅಡಿಕೆ ತೋಟದವರು. ಒಂದು ಮಳೆಗಾಲ ದಾಟಿದ ಹಿಡಿಗಳಲ್ಲಿ ಮೂರು ತರದ ಹಾಳು ಕಾಣ್ತಿದೆ:

ಒಂದು, ಅಂಚುಗುಂಟ ಕಪ್ಪು ಹೋಗಿ ಬೆಳ್ಳಿ ಗೆರೆ. ಎರಡು, ಅಂಗೈ ತಾಗುವ ಕಡೆ ಬೂದು ಬಣ್ಣದ ಮಚ್ಚೆ, ಬೆರಳಿನಿಂದ ಉಜ್ಜಿದರೆ ಸೀಮೆಸುಣ್ಣದ ಪುಡಿ ತರ ಬರುತ್ತೆ. ಸುತ್ತಲಿನ ಕಪ್ಪು ಸ್ವಲ್ಪ ನೇರಳೆಗೆ ತಿರುಗಿದೆ. ಮೂರು, ಕ್ಲಿಪ್ ಸ್ಕ್ರೂ ತೂತುಗಳ ಸುತ್ತ ಬಿಳಿ ಉಂಗುರ. ಪಿವಟ್ ತೂತಿನ ಸುತ್ತ ಇದು ಇಲ್ಲ.

ಮುಂದಿನ ಸಲಕ್ಕೆ 40 ಜೊತೆ ಹಿಡಿ ತಯಾರಾಗಬೇಕು. ಇದೇ ಅನೋಡೈಸಿಂಗನ್ನು ಸರಿಯಾಗಿ ಮಾಡಿಸಿದರೆ ಸಾಕಾ, ಅಥವಾ ಫಿನಿಶ್ಶೇ ಬದಲಾಯಿಸಬೇಕಾ? ಮನೆಯಲ್ಲೇ ಅನೋಡೈಸಿಂಗ್ ಮಾಡಿಕೊಳ್ಳಬಹುದಾ ಅನ್ನೋ ಯೋಚನೆಯೂ ಇದೆ.

ಮೈಕ್ರಾನ್ ಲೆಕ್ಕ

ನಿಮ್ಮ ಮೂರು ಹಾಳಿಗೂ ಮೂರು ಬೇರೆ ಕಾರಣ. ಒಂದೇ ಔಷಧಿ ನಡೆಯಲ್ಲ. ವಿವರ ಇಷ್ಟು ಸರಿಯಾಗಿ ಕೊಟ್ಟಿದ್ದಕ್ಕೆ ಹೇಳೋದು ಸುಲಭವಾಯ್ತು.

ಮೊದಲು ಅಂಚು. ಅನೋಡೈಸಿಂಗ್ ಅಂದರೆ ಬಳಿದ ಬಣ್ಣ ಅಲ್ಲ, ಅಲ್ಯೂಮಿನಿಯಂನದೇ ಮೈ ಆಕ್ಸೈಡ್ ಆಗಿ ಬೆಳೆಯುವುದು. ಆ ಪದರ ಮೇಲ್ಮೈಗೆ ನೆಟ್ಟಗೆ ಬೆಳೆಯುತ್ತೆ. ಚೂಪು ಮೂಲೆಯಲ್ಲಿ ಎರಡು ಮೈಗಳ ಪದರ ಎರಡು ದಿಕ್ಕಿಗೆ ಬೆಳೆದು ನಡುವೆ ಸಂದು ಉಳಿಯುತ್ತೆ. ಅಲ್ಲಿ ಪೆಟ್ಟು ಬಿದ್ದರೆ ಚಕ್ಕೆ ಏಳೋದು ಖಂಡಿತ. 0.2 ಚಾಂಫರ್ ಕೊಟ್ಟರೆ ಒಂದು ಮೂಲೆ ಹೋಗಿ ಎರಡು ಮೂಲೆ ಆಯ್ತು ಅಷ್ಟೇ, ದುಂಡು ಆಗಲಿಲ್ಲ. ಅಮೆರಿಕದ ಮಿಲಿಟರಿ ಸ್ಪೆಸಿಫಿಕೇಶನ್ ಮಿಲ್-ಎ-8625ರಲ್ಲಿ ಇದಕ್ಕೆ ಲೆಕ್ಕ ಇದೆ: 25 ಮೈಕ್ರಾನ್ ಪದರಕ್ಕೆ ಅಂಚಿನ ರೇಡಿಯಸ್ 0.8 ಮಿ.ಮೀ., 50 ಮೈಕ್ರಾನಿಗೆ 1.6 ಮಿ.ಮೀ. ಪದರ ದಪ್ಪ ಆದಷ್ಟೂ ದುಂಡು ಜಾಸ್ತಿ ಬೇಕು. ಹಾಗಾಗಿ "ದಪ್ಪ ಹಾಕಿಸಿದರೆ ಅಂಚು ಉಳಿಯುತ್ತೆ" ಅನ್ನೋದು ತಲೆಕೆಳಗಾದ ಮಾತು. ಚೂಪು ಅಂಚಿಗೆ ದಪ್ಪ ಪದರ ಹಾಕಿದರೆ ಇನ್ನೂ ಬೇಗ ಚಕ್ಕೆ ಏಳುತ್ತೆ.

ಎರಡನೆಯದು ಬೂದು ಮಚ್ಚೆ. ಇದು ಸುಣ್ಣದ ಕೆಲಸ. ಆಕ್ಸೈಡ್ ಪದರ ಗಟ್ಟಿ ಹೌದು, ಆದರೆ ಅದು ತಡೆಯುವುದು ಸುಮಾರು ಪಿಎಚ್ 4ರಿಂದ 8.5ರ ಒಳಗೆ. ಒದ್ದೆ ಸುಣ್ಣದ ಪಿಎಚ್ 12ರ ಮೇಲೆ. ಅಲ್ಲಿ ಪದರ ಕರಗುತ್ತೆ, ಸವೆಯೋದಲ್ಲ. ಕವಳ (ಎಲೆ ಅಡಿಕೆ) ಹಾಕುವವರ ಜೇಬಿನಲ್ಲಿ ಸುಣ್ಣದ ಡಬ್ಬಿ ಮತ್ತು ಚಾಕು ಒಟ್ಟಿಗೆ ಇರುತ್ತವೆ, ಸುಣ್ಣ ಹಚ್ಚಿದ ಬೆರಳೇ ಹಿಡಿಗೂ ತಾಗುತ್ತೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನವಂತೂ ಸುಣ್ಣ ಮತ್ತು ಮೈಲುತುತ್ತ ಎರಡೂ ಕೈಯಲ್ಲಿ. ಮೈಲುತುತ್ತದಲ್ಲಿರುವ ತಾಮ್ರ ಇನ್ನೂ ಕೆಟ್ಟದ್ದು. ಪದರದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಒಳಗಿನ ಅಲ್ಯೂಮಿನಿಯಂ ಮೇಲೆ ತಾಮ್ರ ಕೂತು, ಆ ಎರಡು ಲೋಹದ ನಡುವೆ ಬ್ಯಾಟರಿ ಹುಟ್ಟಿ ಗುಂಡಿ ಬೀಳುತ್ತೆ. ಬೋರ್ಡೋ ದ್ರಾವಣವನ್ನು ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಬೇಡಿ ಅನ್ನೋದೂ ಇದೇ ಕಾರಣಕ್ಕೆ.

ನೇರಳೆಗೆ ತಿರುಗಿದ್ದು ಸೀಲಿಂಗ್ ಸರಿಯಾಗಿಲ್ಲ ಅನ್ನೋದಕ್ಕೆ ಸಾಕ್ಷಿ. ಅನೋಡೈಸ್ ಪದರದ ತುಂಬ ಸಣ್ಣ ರಂಧ್ರಗಳಿರುತ್ತವೆ. ಡೈ (ಬಣ್ಣ) ಕೂರುವುದು ಅದರೊಳಗೆ. ಆಮೇಲೆ 96 ಡಿಗ್ರಿ ಮೇಲಿನ ಡಿಅಯನೈಸ್ಡ್ (ಲವಣ ತೆಗೆದ) ನೀರಿನಲ್ಲಿ, ಮೈಕ್ರಾನಿಗೆ 2–3 ನಿಮಿಷದಂತೆ ಕುದಿಸಿದರೆ ಆಕ್ಸೈಡ್ ಉಬ್ಬಿ ರಂಧ್ರದ ಬಾಯಿ ಮುಚ್ಚುತ್ತೆ. 10 ಮೈಕ್ರಾನಿಗೂ 20–30 ನಿಮಿಷ ಬೇಕು. ಐದು ನಿಮಿಷ ಅದ್ದಿ ಎತ್ತಿದರೆ, ಇಲ್ಲವೇ ಸಿಲಿಕಾ ಇರುವ ಬೋರ್‌ವೆಲ್ ನೀರಿನಲ್ಲಿ ಕುದಿಸಿದರೆ ಬಾಯಿ ಮುಚ್ಚಲ್ಲ. ಬಿಸಿಲು, ಬೆವರು, ಸಾಬೂನು ಎಲ್ಲಾ ಡೈಯನ್ನು ಹೊರಗೆ ಎಳೆಯುತ್ತವೆ.

ಮೂರನೆಯದು ಬಿಳಿ ಉಂಗುರ. ಅದು ಆರಪಾರ ಇಲ್ಲದ ತೂತಿನ ಸುತ್ತ ಮಾತ್ರ ಇದೆ ಅಂತ ನೀವೇ ಬರೆದಿದ್ದೀರಿ, ಉತ್ತರ ಅಲ್ಲೇ ಇದೆ. ತೊಟ್ಟಿಯ ಸಲ್ಫ್ಯೂರಿಕ್ ಆಸಿಡ್ ಆ ತೂತಿನೊಳಗೆ ಉಳಿದುಕೊಂಡು ಆಮೇಲೆ ನಿಧಾನ ಒಸರುತ್ತೆ. ಕ್ಲಿಪ್ ತೂತನ್ನು ಆರಪಾರ ಮಾಡಿಬಿಡಿ. ಆಗದಿದ್ದರೆ ಆಸಿಡ್ಡಿನಿಂದ ಎತ್ತಿದ ಮೇಲೆ, ಡೈಗೆ ಮೊದಲು, 5% ಅಡುಗೆ ಸೋಡಾ ನೀರಿನಲ್ಲಿ ಐದು ನಿಮಿಷ ಅಲ್ಲಾಡಿಸಿ ಚೆನ್ನಾಗಿ ತೊಳೆಯಬೇಕು. ಇಲ್ಲವೇ ಆ ತೂತಿಗೆ ಸಿಲಿಕೋನ್ ಬಿರಡೆ ಹಾಕಿಸಬೇಕು.

ಎಷ್ಟು ಮೈಕ್ರಾನ್ ಬಿದ್ದಿದೆ ಅಂತ ಮೈಕ್ರೋಮೀಟರಿನಲ್ಲಿ ನೋಡಬೇಡಿ. ಅನೋಡೈಸಿಂಗಿಗೆ ಮೊದಲು ಕಾಸ್ಟಿಕ್ ಎಚ್ಚಿಂಗಿನಲ್ಲಿ (ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಮೈ ಸವೆಸೋದು) ಒಂದಿಷ್ಟು ಲೋಹ ಹೋಗಿರುತ್ತೆ, ಲೆಕ್ಕ ತಪ್ಪುತ್ತೆ. ಪೇಂಟ್ ದಪ್ಪ ಅಳೆಯುವ ಗೇಜ್ ಬೇಕು, ಅದರಲ್ಲೂ ಎಡ್ಡಿ ಕರೆಂಟಿನದು. ಬರೀ ಕಬ್ಬಿಣದ ಮೇಲೆ ಅಳೆಯುವ ಮ್ಯಾಗ್ನೆಟ್ ತರದ್ದು ಇಲ್ಲಿ ಏನೂ ತೋರಿಸಲ್ಲ. ಅದೇ ಪಟ್ಟಿಯ, ಬೀಡ್ ಹೊಡೆದ ಬರಿ ತುಂಡಿನ ಮೇಲೆ ಸೊನ್ನೆ ಮಾಡಿಕೊಂಡು ಅಳೆಯಿರಿ.

ಮನೆಯಲ್ಲಿ ಮಾಡೋ ಬಗ್ಗೆ ಲೆಕ್ಕ ಹಾಕಿ ನೋಡಿ. ಪದರದ ದಪ್ಪ (ಮೈಕ್ರಾನ್) ಅಂದರೆ ಸುಮಾರು 0.3 × ಡೆಸಿಮೀಟರ್ ಚದರಕ್ಕೆ ಆಂಪಿಯರ್ × ನಿಮಿಷ. ನಿಮ್ಮ ಒಂದು ಪಕ್ಕದ ಎಲ್ಲಾ ಮೈ ಸೇರಿ ಸುಮಾರು 0.72 ಚದರ ಡೆಸಿಮೀಟರ್. 40 ಜೊತೆಗೆ 58 ಆಯ್ತು. ಹಾರ್ಡ್ ಅನೋಡೈಸಿಂಗಿಗೆ (ಟೈಪ್ 3, ದಪ್ಪ ಗಟ್ಟಿ ಪದರದ್ದು) 3 ಆಂಪಿಯರ್ ಅಂದರೂ 170ರ ಮೇಲೆ ಆಂಪಿಯರ್, ಅದೂ ಆಸಿಡ್ಡನ್ನು ಸೊನ್ನೆ ಡಿಗ್ರಿ ಹತ್ತಿರ ಹಿಡಿದಿಟ್ಟುಕೊಂಡು. ಸಾಮಾನ್ಯ ಟೈಪ್ 2 ಆದರೆ 20 ಡಿಗ್ರಿ, 1.2ರಿಂದ 1.5 ಆಂಪಿಯರ್. ಒಂದೊಂದು ಜೊತೆ ಹಾಕಿಕೊಂಡು ಮನೆಯಲ್ಲಿ ಆದೀತು, ಆದರೆ 40 ಜೊತೆಯೂ ಒಂದೇ ಕಪ್ಪು ಬರಲ್ಲ. ಕಳಿಸೋದೇ ಲೇಸು.

ಹೀಗೆ ಬರೆದು ಕಳಿಸಿ: ಟೈಪ್ 3 ಹಾರ್ಡ್ ಅನೋಡೈಸಿಂಗ್, 30 ± 5 ಮೈಕ್ರಾನ್, ಕಪ್ಪು ಡೈ, ನಿಕಲ್ ಅಸಿಟೇಟ್ ಸೀಲ್, ಅದರ ಮೇಲೆ ಬಿಸಿನೀರು ಸೀಲ್. ರ‍್ಯಾಕ್ (ತೊಟ್ಟಿಯಲ್ಲಿ ನೇತುಹಾಕುವ ಚೌಕಟ್ಟು) ಹಿಡಿದ ಗುರುತು ಒಳಮೈಯಲ್ಲಿ ಕ್ಲಿಪ್ ಹಿಂದೆ. ಎಂ2.5 ತೂತುಗಳಿಗೆ ಬಿರಡೆ. ಎಲ್ಲಾ ತುಂಡೂ ಒಂದೇ ಪಟ್ಟಿ, ಒಂದೇ ಬ್ಯಾಚ್. ಹಾರ್ಡ್ ಅನೋಡೈಸಿಂಗ್ ಸೀಲ್ ಮಾಡಿದರೆ ಸವೆತ ತಡೆಯುವ ಶಕ್ತಿ ಸ್ವಲ್ಪ ಇಳಿಯುತ್ತೆ ನಿಜ, ಅದಕ್ಕೇ ಯಂತ್ರದ ಭಾಗಗಳಿಗೆ ಕೆಲವರು ಸೀಲ್ ಮಾಡಿಸಲ್ಲ. ಆದರೆ ನಮ್ಮ ಕಡೆ ಹಿಡಿಯನ್ನು ತಿನ್ನೋದು ತಿಕ್ಕಾಟಕ್ಕಿಂತ ಹೆಚ್ಚಾಗಿ ನೀರು ಮತ್ತು ಸುಣ್ಣ. ಸೀಲ್ ಬಿಡಬೇಡಿ.

ಕುಲುಮೆ ಕಿಡಿ

ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ಮಾತಿಗೆ ನನ್ನ ತಕರಾರಿದೆ. ಸುಣ್ಣ ದಿನಾ ತಾಗೋದು ಖಚಿತ ಅಂತಾದ ಮೇಲೆ ಅಲ್ಯೂಮಿನಿಯಂಗೆ ಎಂಥ ಅನೋಡೈಸಿಂಗ್ ಹಾಕಿದರೂ ಅದು ದಿನ ಎಣಿಸೋದೇ. 10 ಮೈಕ್ರಾನ್ ಒಂದು ಮಳೆಗಾಲ ಬಂದರೆ 30 ಮೈಕ್ರಾನ್ ಮೂರು ಮಳೆಗಾಲ. ಕರಗೋದು ತಪ್ಪಲ್ಲ. ಕವಳದವರಿಗೆ ಮಾರೋ ಚಾಕಿಗೆ 304 ಸ್ಟೇನ್‌ಲೆಸ್ ಹಿಡಿ, ಸ್ಟೋನ್‌ವಾಶ್ ಫಿನಿಶ್ (ಕಲ್ಲಿನ ಜೊತೆ ಅಲ್ಲಾಡಿಸಿ ಮೈಯೆಲ್ಲಾ ಸಣ್ಣ ಗೀರು ತರೋದು). ಇದಕ್ಕೆ ಪದರವೇ ಇಲ್ಲ, ಏಳೋಕೆ ಏನೂ ಇಲ್ಲ. ಹೊಸ ಗೀರು ಬಿದ್ದರೆ ಹಳೆ ಗೀರುಗಳ ಜೊತೆ ಸೇರಿಹೋಗುತ್ತೆ. ಸುಣ್ಣ ಅದಕ್ಕೆ ಏನೂ ಮಾಡಲ್ಲ.

ತೂಕ ಜಾಸ್ತಿ, ಒಪ್ಪಿದೆ. ಅಲ್ಯೂಮಿನಿಯಂ ಸಾಂದ್ರತೆ 2.7, 304ರದ್ದು 8. ಅದಕ್ಕೆ 4 ಮಿ.ಮೀ. ಬೇಡ, 2 ಮಿ.ಮೀ. ಶೀಟ್ ಸಾಕು, ಒಳಗೆ ತೂತು ಕೊರೆದು ತೂಕ ಇಳಿಸಿ. ಲೇಸರ್ ಕಟಿಂಗ್ ಮಾಡಿಸುವಾಗ ನೈಟ್ರೋಜನ್ ಗ್ಯಾಸಿನಲ್ಲಿ ಅಂತ ಕೇಳಿ. ಆಕ್ಸಿಜನ್ನಿನಲ್ಲಿ ಕತ್ತರಿಸಿದರೆ ಅಂಚಿನಲ್ಲಿ ಕರಿ ಆಕ್ಸೈಡ್ ಕೂರುತ್ತೆ. ಅದನ್ನು ಉಜ್ಜಿ ತೆಗೆಯದಿದ್ದರೆ ಮೊದಲ ತುಕ್ಕು ಅಲ್ಲಿಂದಲೇ ಶುರು.

ಸ್ಟೋನ್‌ವಾಶಿಗೆ ವೈಬ್ರೇಟರಿ ಟಂಬ್ಲರ್, 6–10 ಮಿ.ಮೀ. ಸೆರಾಮಿಕ್ ಕಲ್ಲು, ನೀರು, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಬರ್ (ಅಂಚಿನ ಮುಳ್ಳು) ಹೋಗೋಕೆ ಮೂರು ನಾಲ್ಕು ಗಂಟೆ ಓಡಲಿ. ನೀರು ಬೂದು ಆಗುತ್ತಲೇ ಬದಲಿಸಿ, ಇಲ್ಲದಿದ್ದರೆ ಆ ಕೆಸರೇ ಮೈಗೆ ಮೆತ್ತಿಕೊಳ್ಳುತ್ತೆ. ಕಬ್ಬಿಣದ ಸಾಮಾನು ಹಾಕಿ ಓಡಿಸಿದ ಕಲ್ಲನ್ನು ಸ್ಟೇನ್‌ಲೆಸ್ಸಿಗೆ ಬಳಸಬಾರದು. ಮೈಲ್ಡ್ ಸ್ಟೀಲಿಗೆ ಬಳಸಿದ ಬೀಡ್, ಕಬ್ಬಿಣದ ತಂತಿ ಬ್ರಶ್ ಕೂಡ ಬೇಡ. ಕಬ್ಬಿಣದ ಕಣ ಮೈಯಲ್ಲಿ ನಾಟಿಕೊಂಡು, ಮಳೆಗಾಲದಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ ಏಳುತ್ತೆ. ಎಲ್ಲರೂ "304 ನಕಲಿ ಇರಬೇಕು" ಅಂತಾರೆ. 304 ಸರಿಯಾಗೇ ಇರುತ್ತೆ, ತುಕ್ಕು ಹಿಡಿದದ್ದು ಹೊರಗಿಂದ ಬಂದ ಕಬ್ಬಿಣ.

ಟಂಬ್ಲರಿನಿಂದ ತೆಗೆದ ಮೇಲೆ ಪ್ಯಾಸಿವೇಶನ್ (ಆಸಿಡ್ಡಿನಲ್ಲಿ ಮೈಯ ಬಿಡಿ ಕಬ್ಬಿಣ ತೆಗೆಯೋದು) ಬಿಡಬೇಡಿ. ಜಿಡ್ಡು ಪೂರ್ತಿ ತೆಗೆದು, 10% ಸಿಟ್ರಿಕ್ ಆಸಿಡ್ ನೀರಿನಲ್ಲಿ (ಒಂದು ಲೀಟರ್ ದ್ರಾವಣಕ್ಕೆ ಸುಮಾರು 100 ಗ್ರಾಂ), ಉಗುರು ಬೆಚ್ಚಗೆ, 20 ನಿಮಿಷಕ್ಕೆ ಕಡಿಮೆ ಇಲ್ಲದ ಹಾಗೆ ಇಟ್ಟು, ಚೆನ್ನಾಗಿ ತೊಳೆದು ಒರೆಸಿ.

ಸರಿ ಆಗಿದೆಯಾ ಅಂತ ನೋಡೋಕೆ ಬೇಕಾದ ಸಾಮಾನು ಅಡಿಕೆ ಬೆಳೆಗಾರರ ಮನೆಯಲ್ಲೇ ಇದೆ. 4 ಗ್ರಾಂ ಮೈಲುತುತ್ತ, 250 ಮಿ.ಲೀ. ಡಿಸ್ಟಿಲ್ಡ್ ನೀರು, 1 ಮಿ.ಲೀ. ಸಲ್ಫ್ಯೂರಿಕ್ ಆಸಿಡ್ (ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು). ಹಿಡಿಯ ಮೈಯನ್ನು ಇದರಲ್ಲಿ ಆರು ನಿಮಿಷ ಒದ್ದೆಯಾಗಿ ಇಡಿ, ತೊಳೆಯಿರಿ. ಎಲ್ಲಾದರೂ ತಾಮ್ರದ ಬಣ್ಣ ಕಂಡರೆ ಅಲ್ಲಿ ಬಿಡಿ ಕಬ್ಬಿಣ ಇದೆ, ಪ್ಯಾಸಿವೇಶನ್ ಇನ್ನೊಮ್ಮೆ ಆಗಬೇಕು. ಇದು 304, 316ರ ಹಿಡಿಗೆ ಮಾತ್ರ. ಅಲಗಿಗೆ ಬಳಸೋ 420, 440 ಜಾತಿಗೆ ಈ ಪರೀಕ್ಷೆ ಹೊಂದಲ್ಲ. ಅದು ಚೆನ್ನಾಗಿದ್ದರೂ ತಾಮ್ರ ಹಿಡಿದು ಹೆದರಿಸುತ್ತೆ.

ಇದರ ಇನ್ನೊಂದು ಮುಖ ಹೇಳದೆ ಬಿಡೋಕಾಗಲ್ಲ. ಬೋರ್ಡೋದಲ್ಲಿ ಸುಣ್ಣ ಸಾಕಾಯ್ತಾ ನೋಡೋಕೆ ಜನ ಚಾಕನ್ನು ಒಂದು ನಿಮಿಷ ಅದ್ದಿ ಎತ್ತುತ್ತಾರೆ, ಕೆಂಪಾದರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಪರೀಕ್ಷೆ ಬರಿ ಕಬ್ಬಿಣಕ್ಕೆ ಹೇಳಿದ್ದು. ಅಲಗಿಗೆ ಕಪ್ಪು ಕೋಟಿಂಗ್ ಇದ್ದರೆ, ಒಳ್ಳೆ ಸ್ಟೇನ್‌ಲೆಸ್ ಆಗಿದ್ದರೆ, ತಾಮ್ರ ಬಿಡಿಯಾಗಿ ಇದ್ದರೂ ಕೆಂಪಾಗದೆ ಹೋಗಬಹುದು. "ಸರಿ ಇದೆ" ಅಂತ ತಿಳಿದು ಹೊಡೆದರೆ ಎಳೆ ಕಾಯಿ, ಹಿಂಗಾರ ಸುಡುತ್ತೆ. ನೀವು ಮಾರೋ ಚಾಕಿನ ಜೊತೆ ಒಂದು ಚೀಟಿ ಇಡಿ: ಬೋರ್ಡೋ ಪರೀಕ್ಷೆಗೆ ಈ ಚಾಕು ಬೇಡ, ಎಮರಿ ಕಾಗದದಲ್ಲಿ ಉಜ್ಜಿದ ಕಬ್ಬಿಣದ ಮೊಳೆ ಸಾಕು.

ತುಂಗೆದಡ (ತೀರ್ಥಹಳ್ಳಿ)

ಇಬ್ಬರಿಗೂ ತುಂಬಾ ಧನ್ಯವಾದ. ಮೊಳೆಯ ಚೀಟಿ ಖಂಡಿತ ಇಡ್ತೀನಿ.

304ರ ಮಾದರಿ ಬೇರೆ ತಯಾರಿಸಬಹುದು, ಆದರೆ 40 ಜೊತೆ ಅಲ್ಯೂಮಿನಿಯಂ ಆಗಲೇ ಕಡಿದಾಗಿದೆ. ಹೊರ ಅಂಚಿಗೆ ಇನ್ನೊಂದು ಪಾಸ್ ಕೊಟ್ಟು 0.8 ರೇಡಿಯಸ್ ಮಾಡಬಹುದು. ಒಳ ಅಂಚಿಗೆ ಅಷ್ಟು ಜಾಗ ಇಲ್ಲ, 0.3 ಮಾತ್ರ ಸಿಗುತ್ತೆ. ಅದು ಸಾಕಾ?

30 ಮೈಕ್ರಾನ್ ಹಾಕಿಸಿದರೆ ಪಿವಟ್ ತೂತಿಗೆ ಎಷ್ಟು ಬಿಡಬೇಕು? ಹಾಳಾಗಿ ಬಂದ ಹನ್ನೆರಡು ಜೊತೆ ಇವೆ, ಅವನ್ನು ಕಿತ್ತು ಮತ್ತೆ ಅನೋಡೈಸ್ ಮಾಡಿಸಬಹುದಾ? ಕೊನೆಗೆ, ಪೌಡರ್ ಕೋಟಿಂಗ್ ಶಿವಮೊಗ್ಗದಲ್ಲೇ ಆಗುತ್ತೆ, ಅದು ಯಾಕೆ ಬೇಡ?

ಮಾಚೇನಹಳ್ಳಿ ಮಿಲ್ಲಿಂಗ್

ಅಳತೆ ನಾನು ಹೇಳ್ತೀನಿ. ಹಾರ್ಡ್ ಅನೋಡೈಸಿಂಗಿನಲ್ಲಿ ಪದರದ ಅರ್ಧ ಲೋಹದ ಒಳಗೆ, ಅರ್ಧ ಹೊರಗೆ. 30 ಮೈಕ್ರಾನ್ ಅಂದರೆ ಒಂದು ಮೈ 15 ಮೈಕ್ರಾನ್ ಉಬ್ಬುತ್ತೆ. ತೂತಿನಲ್ಲಿ ಎರಡೂ ಕಡೆಯಿಂದ ಉಬ್ಬೋದರಿಂದ ವ್ಯಾಸ 0.03 ಇಳಿಯುತ್ತೆ. ಪಿವಟ್ ತೂತನ್ನು 5.03ಕ್ಕೆ ರೀಮರ್ (ತೂತಿನ ಅಳತೆ ಸರಿಮಾಡುವ ಉಪಕರಣ) ಹಾಕಿ ಕಳಿಸಿ, 5.00ಕ್ಕೆ ಬರುತ್ತೆ. ಕಾಸ್ಟಿಕ್ಕಿನಲ್ಲಿ ಜಾಸ್ತಿ ಹೊತ್ತು ಇಟ್ಟರೆ ಈ ಲೆಕ್ಕ ಕೆಡುತ್ತೆ, ಬೀಡ್ ಹೊಡೆದ ಮಾಲಿಗೆ ಎಚ್ಚಿಂಗ್ ಲಘುವಾಗಿ ಸಾಕು ಅಂತ ಬರೆಯಿರಿ. ಥ್ರೆಡ್ಡಿನ ಕತೆ ಬೇರೆ. 60 ಡಿಗ್ರಿ ಥ್ರೆಡ್ಡಿನಲ್ಲಿ ಪಿಚ್ ವ್ಯಾಸ (ಹಲ್ಲಿನ ನಡುಮಟ್ಟದ ವ್ಯಾಸ) ಉಬ್ಬಿನ ನಾಲ್ಕು ಪಟ್ಟು ಇಳಿಯುತ್ತೆ, 15 × 4, ಅಂದರೆ 0.06 ಮಿ.ಮೀ. ಎಂ2.5ಗೆ ಅದು ದೊಡ್ಡದು, ಸ್ಕ್ರೂ ಅರ್ಧಕ್ಕೆ ಕಚ್ಚಿಕೊಳ್ಳುತ್ತೆ. ಟ್ಯಾಪ್ ಹಾಕಿ ಬಿಡಿಸೋಣ ಅಂದರೆ ಆಕ್ಸೈಡ್ ಟ್ಯಾಪಿನ ಹಲ್ಲನ್ನೇ ತಿನ್ನುತ್ತೆ. ಬಿರಡೆ ಹಾಕಿಸೋದೇ ಸರಿ. ಬಿರಡೆ ಹಾಕಿದ ತೂತಿನಲ್ಲಿ ಬರಿ ಅಲ್ಯೂಮಿನಿಯಂ, ಅದರಲ್ಲಿ ಸ್ಟೇನ್‌ಲೆಸ್ ಸ್ಕ್ರೂ, ಮೇಲಿಂದ ಮಳೆ ನೀರು. ಒಂದಕ್ಕೊಂದು ಕಚ್ಚಿಕೊಂಡು ಬಿಳಿ ಪುಡಿ ಏಳುತ್ತೆ. ಜೋಡಿಸುವಾಗ ಥ್ರೆಡ್ಡಿಗೆ ನೀಲಿ ಥ್ರೆಡ್‌ಲಾಕರ್ ತುಂಬ ಹಚ್ಚಿ, ಸ್ಕ್ರೂ ಸಡಿಲವಾಗೋದೂ ತಪ್ಪುತ್ತೆ, ನೀರು ಇಳಿಯೋದೂ ತಪ್ಪುತ್ತೆ. ಸ್ಕ್ರೂ ತಲೆಯ ಕೆಳಗೆ ಒಂದು ಚೂರು ಗ್ರೀಸ್.

ಒಳ ಅಂಚಿಗೆ 0.3 ಇರಲಿ, ಅಲ್ಲಿ ಪೆಟ್ಟು ಬೀಳಲ್ಲ. ಆದರೆ ಅಲಗು ಮಡಚಿದಾಗ ಹಿಡಿಗೆ ಸವರುವ ಜಾಗ ಇದ್ದರೆ ಅದನ್ನು ಮೊದಲು ಸರಿಮಾಡಿ. ಹಾರ್ಡ್ ಅನೋಡೈಸ್ ಪದರ ಅಲಗಿನ ಬಾಯಿಯನ್ನೇ ಮೊಂಡು ಮಾಡುತ್ತೆ.

ಪೌಡರ್ ಕೋಟಿಂಗ್: ಪದರ 60ರಿಂದ 100 ಮೈಕ್ರಾನ್, ಪೂರ್ತಿ ಹೊರಗೆ ಕೂರುತ್ತೆ. ಗೇಟಿಗೆ, ಕುರ್ಚಿಗೆ ಒಳ್ಳೆಯದು. ಮಡಚು ಚಾಕಿನಲ್ಲಿ ಸ್ಕ್ರೂ ತಲೆಯ ಗುಳಿ ತುಂಬಿಹೋಗುತ್ತೆ, ಸಣ್ಣ ವಿವರ ಎಲ್ಲಾ ದುಂಡಾಗುತ್ತೆ, ಅಂಚಿನಲ್ಲಿ ಒಮ್ಮೆ ಚಕ್ಕೆ ಎದ್ದರೆ ಅದರ ಕೆಳಗೆ ನೀರು ಹರಿದು ಗುಳ್ಳೆ ಏಳುತ್ತೆ.

ಸುಣ್ಣದ ಭಯಕ್ಕೆ ಬಣ್ಣದ ಜಾತಿಯದ್ದೇ ಬೇಕು ಅಂದರೆ ಸೆರಾಕೋಟ್ ನೋಡಿ, ಎಚ್ ಸೀರೀಸ್. ಸೆರಾಮಿಕ್ ಬೆರೆತ ಪಾಲಿಮರ್, ಸುಮಾರು 25 ಮೈಕ್ರಾನ್. ಸುಣ್ಣಕ್ಕೆ ಅನೋಡೈಸಿಗಿಂತ ಚೆನ್ನಾಗಿ ತಡೆಯುತ್ತೆ. ಆದರೆ ಜೇಬಿನಲ್ಲಿ ಬೀಗದ ಕೈ ಜೊತೆ ತಿಕ್ಕಾಡೋದಕ್ಕೆ ಹಾರ್ಡ್ ಅನೋಡೈಸಿನಷ್ಟು ಗಟ್ಟಿ ಅಲ್ಲ. ಕ್ರಮ ತಪ್ಪಿದರೆ ಸಿಪ್ಪೆ ಏಳುತ್ತೆ, ಅದಕ್ಕೇ ಬರೀತಿದ್ದೀನಿ. ಅಸಿಟೋನಿನಲ್ಲಿ ಜಿಡ್ಡು ತೆಗೆಯೋದು. 100 ಗ್ರಿಟ್ ಅಲ್ಯೂಮಿನಿಯಂ ಆಕ್ಸೈಡಿನಲ್ಲಿ ಬ್ಲಾಸ್ಟ್ ಮಾಡೋದು. ಗ್ಲಾಸ್ ಬೀಡ್ ಇಲ್ಲಿ ಬೇಡ, ಅದು ಮೈಯನ್ನು ತಟ್ಟುತ್ತೆ ಹೊರತು ಕಚ್ಚು ಮಾಡಲ್ಲ, ಬಣ್ಣಕ್ಕೆ ಹಿಡಿತ ಸಿಗಲ್ಲ. ಬ್ಲಾಸ್ಟ್ ಆದ ಮೇಲೆ ಬರಿಗೈಲಿ ಮುಟ್ಟಬಾರದು. 150 ಡಿಗ್ರಿ ಓವನ್ನಿನಲ್ಲಿ ಒಂದು ಗಂಟೆ ಕಾಯಿಸಿದರೆ ತೂತುಗಳಲ್ಲಿ ಅಡಗಿದ ಎಣ್ಣೆ ಹೊರಗೆ ಬರುತ್ತೆ. ಎಣ್ಣೆಯ ಕಲೆ ಕಂಡರೆ ಮತ್ತೆ ಅಸಿಟೋನ್, ಮತ್ತೆ ಕಾಯಿಸೋದು. ಬಣ್ಣ 18, ಹಾರ್ಡ್‌ನರ್ 1, ಅಳತೆಯಲ್ಲಿ. 0.8 ನಾಜಲ್ ಇರುವ ಎಚ್‌ವಿಎಲ್‌ಪಿ ಗನ್ನಿನಲ್ಲಿ (ಕಡಿಮೆ ಒತ್ತಡದ ಸ್ಪ್ರೇ) ಒಂದೇ ಒದ್ದೆ ಕೋಟ್. ಆಮೇಲೆ 120 ಡಿಗ್ರಿಯಲ್ಲಿ ಎರಡು ಗಂಟೆ. ಮಳೆಗಾಲದಲ್ಲಿ ಕಂಪ್ರೆಸರ್ ಲೈನಿಗೆ ನೀರು ಹಿಡಿಯುವ ಫಿಲ್ಟರ್ ಇಲ್ಲದೆ ಗನ್ ಮುಟ್ಟಬೇಡಿ, ಒಂದು ಹನಿ ಬಿದ್ದರೆ ಮೀನಿನ ಕಣ್ಣಿನ ಹಾಗೆ ಗುಳಿ. ಒಳಮೈಗೆ ಟೇಪ್ ಹಾಕಿ ಬಿಟ್ಟುಬಿಡಿ. ಸ್ಟ್ಯಾಂಡಾಫ್ (ಎರಡು ಪಕ್ಕದ ನಡುವಿನ ಸಣ್ಣ ಕಂಬ) ಕೂರುವ ಜಾಗದಲ್ಲಿ ಬಣ್ಣ ಇದ್ದರೆ ಬಿಗಿತಕ್ಕೆ ಅದು ನಿಧಾನ ಕುಗ್ಗಿ ಸ್ಕ್ರೂ ಸಡಿಲ ಆಗುತ್ತೆ.

ಎರಡನ್ನೂ ಸೇರಿಸಬಹುದು: ಹಾರ್ಡ್ ಅನೋಡೈಸ್ ಮಾಡಿಸಿ, ಸೀಲ್ ಮಾಡಿಸದೆ ತರಿಸಿ, ಲಘುವಾಗಿ ಬ್ಲಾಸ್ಟ್ ಹೊಡೆದು, ಮೇಲೆ ಸೆರಾಕೋಟ್. ರಂಧ್ರ ತೆರೆದಿರೋದರಿಂದ ಬಣ್ಣ ಚೆನ್ನಾಗಿ ಹಿಡಿಯುತ್ತೆ. ಮೇಲಿನದು ಸವೆದರೂ ಕೆಳಗೆ ಬೂದು ಕಪ್ಪು ಆಕ್ಸೈಡ್ ಇರುತ್ತೆ, ಬೆಳ್ಳಿ ಗೆರೆ ಕಾಣಲ್ಲ. ಖರ್ಚು ಮಾತ್ರ ಎರಡು ಸಲ.

ಮೈಕ್ರಾನ್ ಲೆಕ್ಕ

ಹಳೆಯ ಹನ್ನೆರಡು ಜೊತೆ ಬಗ್ಗೆ. ಕೀಳಬಹುದು. ಲೀಟರಿಗೆ 50 ಗ್ರಾಂ ಕಾಸ್ಟಿಕ್ ಸೋಡಾ, 50–60 ಡಿಗ್ರಿ, ಒಂದರಿಂದ ಮೂರು ನಿಮಿಷ. ಪದರ ಹೋಗುತ್ತಲೇ ಗುಳ್ಳೆ ಜೋರಾಗುತ್ತೆ, ಆ ಕ್ಷಣ ಎತ್ತಿಬಿಡಿ. ಏಳುವ ಗುಳ್ಳೆ ಹೈಡ್ರೋಜನ್, ಒಲೆ ಹತ್ತಿರ ಬೇಡ, ಗಾಳಿಯಾಡುವ ಜಾಗ ಬೇಕು, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಕಡ್ಡಾಯ. ಸ್ಟೀಲ್ ಪಾತ್ರೆ ಆಗುತ್ತೆ, ಅಲ್ಯೂಮಿನಿಯಂ ಬೋಗುಣಿ ಮಾತ್ರ ಬೇಡ.

ಆದರೆ ಕಿತ್ತ ಪದರದ ಜೊತೆ ಲೋಹವೂ ಹೋಗುತ್ತೆ. ಪಿವಟ್ ತೂತು ಸಡಿಲ ಆಗುವ ಸಾಧ್ಯತೆ ಇದೆ. ಸುಣ್ಣದ ಮಚ್ಚೆ ಇದ್ದ ಕಡೆ ಗುಂಡಿ ಬಿದ್ದಿದ್ದರೆ ಅದು ಅನೋಡೈಸಿಂಗಿನಲ್ಲಿ ಮುಚ್ಚಲ್ಲ, ಇನ್ನೂ ಎದ್ದು ಕಾಣುತ್ತೆ. ಆ ಹನ್ನೆರಡಕ್ಕೆ ಸೆರಾಕೋಟ್ ಹೊಡೆಸೋದೇ ಸರಿಯಾದ ದಾರಿ. ಕೀಳೋದೂ ಬೇಡ, ಬ್ಲಾಸ್ಟಿಂಗಿನಲ್ಲೇ ಸಡಿಲ ಪುಡಿ ಹೋಗುತ್ತೆ. ಬಿಳಿ ಉಂಗುರ ಇರುವ ತೂತುಗಳನ್ನು ಮಾತ್ರ ಬ್ಲಾಸ್ಟಿಂಗಿಗೆ ಮೊದಲು ಸೋಡಾ ನೀರಿನಲ್ಲಿ, ಆಮೇಲೆ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಆಸಿಡ್ ಉಳಿದಿದ್ದರೆ ಓವನ್ನಿನಲ್ಲಿ ಒಸರಿ ಬಣ್ಣದಲ್ಲಿ ಗುಳ್ಳೆ ಏಳಿಸುತ್ತೆ.

ಹೊಸ ಬ್ಯಾಚಿಗೆ ಒಂದು ಕೆಲಸ ತಪ್ಪದೆ ಮಾಡಿ. ಅದೇ ಪಟ್ಟಿಯಿಂದ ಮೂರು ಸಣ್ಣ ಚೂರು ಕತ್ತರಿಸಿ, ಹಿಡಿಗಳ ಜೊತೆಯಲ್ಲೇ ಅದೇ ರ‍್ಯಾಕಿಗೆ ಹಾಕಲು ಹೇಳಿ. ವಾಪಸ್ ಬಂದ ಮೇಲೆ ಒಂದರ ಮೇಲೆ ಪೆನ್ನಿನ ಇಂಕ್ ಹನಿ ಬಿಟ್ಟು ಐದು ನಿಮಿಷದ ನಂತರ ಸ್ಪಿರಿಟ್ಟಿನಲ್ಲಿ ಒರೆಸಿ. ಕಪ್ಪು ಡೈ ಮೇಲೆ ಇಂಕ್ ಕಾಣಲ್ಲ, ಅದಕ್ಕೆ ಆ ಚೂರಿಗೆ ಡೈ ಬೇಡ, ಬರೀ ಸೀಲ್ ಅಂತ ಹೇಳಿ. ಕಲೆ ಉಳಿದರೆ ಸೀಲ್ ಆಗಿಲ್ಲ. ಎರಡನೆಯದರ ಮೇಲೆ ಒದ್ದೆ ಸುಣ್ಣದ ಬೊಟ್ಟು ಇಟ್ಟು, ಒಣಗದಂತೆ ಪ್ಲಾಸ್ಟಿಕ್ ಮುಚ್ಚಿ, ಒಂದು ಗಂಟೆಗೆ ಒಂದು ಬೊಟ್ಟು, ನಾಲ್ಕು ಗಂಟೆಗೆ ಒಂದು ಬೊಟ್ಟು ತೊಳೆದು ನೋಡಿ. ಮೂರನೆಯದು ಗೇಜಿಗೆ. ಈ ಮೂರು ಚೂರು ಕೈಯಲ್ಲಿದ್ದರೆ ಜಾಬ್ ವರ್ಕಿನವರ ಜೊತೆ ಮಾತಾಡೋಕೆ ಆಧಾರ ಇರುತ್ತೆ.

ಹೊಸನಗರ ಗಾಳಿ

ಮಧ್ಯೆ ಬಾಯಿ ಹಾಕ್ತಿದ್ದೀನಿ. ಟೈಟಾನಿಯಂ ಹಿಡಿಗೆ ಕರೆಂಟಿನಲ್ಲೇ ನೀಲಿ, ಬಂಗಾರದ ಬಣ್ಣ ಬರಿಸ್ತಾರಲ್ಲ, ಡೈ ಇಲ್ಲದೆ. ಅದು ಬಾಳಿಕೆ ಬರುತ್ತಾ?

ಮೈಕ್ರಾನ್ ಲೆಕ್ಕ

ಲೋಹ ಬಾಳುತ್ತೆ, ಬಣ್ಣ ಬಾಳಲ್ಲ. ಟೈಟಾನಿಯಂ ಬಣ್ಣ ನೀರಿನ ಮೇಲೆ ತೇಲೋ ಎಣ್ಣೆಯ ಬಣ್ಣದ ಹಾಗೆ, ಬೆಳಕಿನ ಆಟ. ಪದರದ ದಪ್ಪ ವೋಲ್ಟಿಗೆ ಸುಮಾರು 2 ನ್ಯಾನೋಮೀಟರ್. 28–30 ವೋಲ್ಟಿನ ನೀಲಿ ಅಂದರೆ 60 ನ್ಯಾನೋಮೀಟರ್. 30 ಮೈಕ್ರಾನ್ ಹಾರ್ಡ್ ಅನೋಡೈಸ್ ಅದರ 500 ಪಟ್ಟು ದಪ್ಪ. ಜೇಬಿನ ತಿಕ್ಕಾಟಕ್ಕೆ ಅಂಚಿನ ನೀಲಿ ಮೊದಲು ಹೋಗುತ್ತೆ. ಕೈ ಜಿಡ್ಡಿಗೆ ಬಣ್ಣ ಮಂಕಾದರೆ ಹೆದರಬೇಡಿ, ಸ್ಪಿರಿಟ್ಟಿನಲ್ಲಿ ಒರೆಸಿದರೆ ವಾಪಸ್ ಬರುತ್ತೆ. ಸುಣ್ಣ, ಮೈಲುತುತ್ತ, ಬೆವರು ಯಾವುದೂ ಟೈಟಾನಿಯಂಗೆ ತಾಗಲ್ಲ. ಹಾಗಾಗಿ ದುಡ್ಡು ಇದ್ದವರಿಗೆ ಬಣ್ಣ ಇಲ್ಲದ, ಸ್ಟೋನ್‌ವಾಶ್ ಮಾಡಿದ ಟೈಟಾನಿಯಂ ಮಲೆನಾಡಿಗೆ ಎಲ್ಲಕ್ಕಿಂತ ಒಳ್ಳೆಯ ಹಿಡಿ.

ತೋಟದ ಅಂಚು

ಫಿನಿಶ್ ಯಾವುದೇ ಇರಲಿ, ಕೊಂಡವರು ಮನೆಯಲ್ಲಿ ಏನು ಹಚ್ಚಿ ತೊಳೀತಾರೆ ಅನ್ನೋದನ್ನೂ ನಿಮ್ಮ ಚೀಟಿಯಲ್ಲಿ ಬರೆಯಿರಿ. ಬಚ್ಚಲ ಒಲೆಯ ಬೂದಿ ಹಾಕಿ ಉಜ್ಜಿದರೆ ಅನೋಡೈಸ್ ಹಿಡಿ ಕೆಟ್ಟಿತು. ಬೂದಿ ಕ್ಷಾರವೂ ಹೌದು, ಮರಳಿನ ಹಾಗೆ ಗೀರೋದೂ ಹೌದು. ವಾಶಿಂಗ್ ಸೋಡಾ, ಬಟ್ಟೆಯ ಪೌಡರ್ ಕೂಡ ಬೇಡ. ಪಾತ್ರೆಯ ಲಿಕ್ವಿಡ್ ಎರಡು ಹನಿ ಅಥವಾ ಅಂಟುವಾಳದ ನೊರೆ ಸಾಕು. ಹಲಸಿನ ಮೇಣ ಹತ್ತಿದರೆ ಕೆರೆಯಬೇಡಿ, ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಉಜ್ಜಿದರೆ ಬಿಡುತ್ತೆ, ಆಮೇಲೆ ತೊಳೆದರಾಯ್ತು. ಬೋರ್ಡೋ ತಾಗಿದರೆ ಒಣಗೋಕೆ ಬಿಡದೆ ಆಗಲೇ ನೀರು ಹಾಕಬೇಕು. ಒಣಗಿದ ಮೇಲೆ ಅದು ತೊಳೆದರೂ ಹೋಗದ ಹಾಗೆ ಕಚ್ಚಿಕೊಳ್ಳುತ್ತೆ, ಎಲೆಯ ಮೇಲೆ ಅದು ನಿಲ್ಲಬೇಕಾದ್ದೂ ಹಾಗೇ.

ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚೀಲದಲ್ಲಿ ಚಾಕು ಇಡಬಾರದು. ಚರ್ಮ ತೇವ ಹಿಡಿದುಕೊಂಡು ರಾತ್ರಿಯಿಡೀ ಹಿಡಿಗೆ ಒತ್ತಿಕೊಂಡಿರುತ್ತೆ. ಒಲೆಯ ಮೇಲಿನ ಅಟ್ಟದಲ್ಲಿ ಬಿಚ್ಚಿಟ್ಟರೆ ಸಾಕು.

ಇನ್ನೊಂದು, ಕಬ್ಬಿಣದ ಹಿಡಿಗೆ ಅಡಿಕೆ ಚೊಗರು (ಬೇಯಿಸಿದಾಗ ಬರುವ ಕಂದು ರಸ) ಹಚ್ಚಿ ಕಪ್ಪು ಮಾಡಬಹುದು ಅಂತ ಕೆಲವರು ಹೇಳ್ತಾರೆ. ಕಪ್ಪಾಗೋದು ನಿಜ. ಅದು ಎಷ್ಟರ ಮಟ್ಟಿಗೆ ತಡೆಯುತ್ತೆ?

ಕುಲುಮೆ ಕಿಡಿ

ಚೊಗರಿನಲ್ಲಿರೋ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತೆ, ಹಸಿ ಅಡಿಕೆ ಕೊಯ್ದ ಕತ್ತಿ ಕಪ್ಪಾಗೋದೂ ಅದಕ್ಕೇ. ಆದರೆ ಆ ಪದರ ತೆಳು, ಸಂದು ಸಂದು. ಅದೊಂದನ್ನೇ ನಂಬಿದರೆ ಆಷಾಢ ದಾಟಲ್ಲ. ಕಬ್ಬಿಣದ ಹಿಡಿಗೆ ಮ್ಯಾಂಗನೀಸ್ ಫಾಸ್ಫೇಟ್ ಮಾಡಿಸಿ. 90–95 ಡಿಗ್ರಿ ತೊಟ್ಟಿಯಲ್ಲಿ 10ರಿಂದ 20 ನಿಮಿಷ. ಆ ಪದರ ಹರಳು ಹರಳಾಗಿರುತ್ತೆ, ಎಣ್ಣೆಯನ್ನು ಬತ್ತಿಯ ಹಾಗೆ ಹೀರಿ ಹಿಡಿದುಕೊಳ್ಳುತ್ತೆ. ತೊಟ್ಟಿಯಿಂದ ಎತ್ತಿ, ತೊಳೆದು, ಬಿಸಿ ಇರುವಾಗಲೇ ಎಣ್ಣೆಯಲ್ಲಿ ಅದ್ದಿ ಒಂದು ರಾತ್ರಿ ಬಿಡಿ. ಬ್ಲ್ಯಾಕ್ ಆಕ್ಸೈಡ್ ನೋಡೋಕೆ ಚಂದ, ಆದರೆ ಅದರ ಪದರ ಸುಮಾರು ಒಂದು ಮೈಕ್ರಾನ್ ಅಷ್ಟೇ, ಎಣ್ಣೆ ಹಿಡಿಯೋ ಶಕ್ತಿ ಕಮ್ಮಿ. ಅಂಗಡಿಯಲ್ಲಿ ಸಿಗೋ ಕೋಲ್ಡ್ ಬ್ಲೂ (ಹಚ್ಚಿದರೆ ಕಬ್ಬಿಣ ಕಪ್ಪಾಗುವ ದ್ರಾವಣ) ಸೀಸೆ ಗೀರು ಮುಚ್ಚೋಕೆ ಮಾತ್ರ.

ತುಂಗೆದಡ (ತೀರ್ಥಹಳ್ಳಿ)

ತೀರ್ಮಾನ ಹೀಗೆ: ಹೊರ ಅಂಚು 0.8 ರೇಡಿಯಸ್, ಕ್ಲಿಪ್ ತೂತು ಆರಪಾರ, ಪಿವಟ್ 5.03, ಎಲ್ಲಾ ಎಂ2.5ಗೂ ಬಿರಡೆ. 28 ಜೊತೆ ಟೈಪ್ 3, 30 ± 5 ಮೈಕ್ರಾನ್, ಕಪ್ಪು, ಎರಡು ಹಂತದ ಸೀಲ್. ಉಳಿದ 12 ಜೊತೆ ಟೈಪ್ 3 ಸೀಲ್ ಇಲ್ಲದೆ, ಮೇಲೆ ಸೆರಾಕೋಟ್, ಕವಳದವರಿಗೆ. ಹಾಳಾದ ಹನ್ನೆರಡಕ್ಕೆ ತೊಳೆದು, ಬ್ಲಾಸ್ಟ್ ಹೊಡೆದು ಸೆರಾಕೋಟ್.

ಒಂದೇ ಅನುಮಾನ ಉಳಿದಿದೆ. ಸೀಲ್ ಮಾಡದ 12 ಜೊತೆ ಬೆಂಗಳೂರಿನಿಂದ ಬಂದು ಬಣ್ಣ ಹೊಡೆಯೋವರೆಗೆ ಎಷ್ಟು ದಿನ ಇಡಬಹುದು?

ಮಾಚೇನಹಳ್ಳಿ ಮಿಲ್ಲಿಂಗ್

ಬಂದ ದಿನವೇ ಹೊಡೆದರೆ ಒಳ್ಳೆಯದು. ರಂಧ್ರ ತೆರೆದಿರುವಾಗ ಕೈಯ ಜಿಡ್ಡು, ಅಡುಗೆ ಮನೆ ಹೊಗೆ, ಗಾಳಿಯ ತೇವ ಎಲ್ಲಾ ಹೀರಿಕೊಳ್ಳುತ್ತೆ. ತಡ ಆಗೋದಾದರೆ ಒಂದೊಂದನ್ನೂ ಶುಭ್ರ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಪ್ಯಾಕ್ ಮಾಡುವವರಿಗೂ ಗ್ಲೌಸ್ ಹಾಕಿಕೊಳ್ಳಲು ಚಲನ್ನಿನಲ್ಲೇ ಬರೆಯಿರಿ. ಹೊಡೆಯುವ ಮೊದಲು 150 ಡಿಗ್ರಿಯ ಒಂದು ಗಂಟೆ ಇವಕ್ಕೂ ಬೇಕು.